ಹಳದಿ ಸರದ ಗಂಟಣ್ಣ

ನನ್ನ ಸೋದರಮಾವನಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವನು ಮಕ್ಕಳ ಆಸ್ಪತ್ರೆಯ ಎಲೆಕ್ಟ್ರಿಷಿಯನ್. ಈ ಎರಡು ಮಾತುಗಳನ್ನು ಒಟ್ಟಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಇಪ್ಪತ್ತಾರು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವಿಷಯ ಗೊತ್ತಿದ್ದವರು ಮೂವರೇ. ಅವನ ಅಕ್ಕ, ಅಂದರೆ ನನ್ನ ಅಮ್ಮನಿಗೆ ಚಿಕ್ಕಂದಿನಿಂದಲೇ ಗೊತ್ತು. ಶಾಲೆಯಲ್ಲಿ ಮರದ ಚಿತ್ರ ಬರೆದು ಕಾಂಡಕ್ಕೆ ಹಸಿರು, ಎಲೆಗೆ ಕಂದು ಬಣ್ಣ ಹಚ್ಚಿದ್ದನಂತೆ. ಮೇಷ್ಟ್ರು ತಮಾಷೆ ಮಾಡಿದ್ದಾನೆ ಅಂದುಕೊಂಡು ಕಿವಿ ಹಿಂಡಿದರಂತೆ. ಅತ್ತೆಗೆ ಮದುವೆಯಾದ ವಾರದಲ್ಲೇ ಗೊತ್ತಾಯಿತು. ನನಗೆ ಗೊತ್ತಾದದ್ದು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿ. ಹಳೆಯ ರೇಡಿಯೋ ಒಂದನ್ನು ಬಿಚ್ಚಿಕೊಂಡು ಕೂತಿದ್ದ ಮಾವ, ಅದರೊಳಗಿನ ಪುಟ್ಟ ಬಿಡಿಭಾಗವೊಂದನ್ನು ನನ್ನ ಮುಂದೆ ಹಿಡಿದ.

"ಪುಟ್ಟಿ, ಇದರ ಮೇಲಿನ ಮೊದಲ ಪಟ್ಟೆ ಯಾವ ಬಣ್ಣ?"

"ಕೆಂಪು."

"ಪಕ್ಕದ್ದು?"

"ಹಸಿರು. ಯಾಕೆ, ಕನ್ನಡಕ ಮರೆತು ಬಂದ್ಯಾ?"

"ಹೂಂ. ಮೂರನೇದು?"

ಮೂರನೆಯ ಸಲ ನಾನು ಪಟ್ಟೆ ನೋಡುವ ಬದಲು ಅವನ ಮುಖ ನೋಡಿದೆ. ಕನ್ನಡಕ ಮೂಗಿನ ಮೇಲೇ ಇತ್ತು. "ಗೊತ್ತಾಯ್ತಲ್ಲ? ಇನ್ನು ಬಾಯಿ ಮುಚ್ಕೊಂಡಿರು," ಅಂದ.

ಆ ಆಸ್ಪತ್ರೆಯ ಹಳೆಯ ವೈರಿಂಗಿನಲ್ಲಿ ಕೆಂಪು ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಹಸಿರು ತಂತಿ ನೆಲಕ್ಕೆ ಹೋಗುತ್ತದೆ. ಇವೆರಡನ್ನು ಅದಲುಬದಲು ಮಾಡುವ ಮನುಷ್ಯ ಆ ಕೆಲಸದಲ್ಲಿ ಮೂರು ದಿನ ಬಾಳುವುದು ಕಷ್ಟ. ಮಾವ ಬಾಳಿದ್ದು ಬಣ್ಣವನ್ನು ನಂಬದೆ ಇದ್ದದ್ದರಿಂದ. ಮುಟ್ಟುವ ಪ್ರತಿ ತಂತಿಗೂ ಟೆಸ್ಟರ್ ಹಿಡಿಯುತ್ತಿದ್ದ. ಒಮ್ಮೆಯಲ್ಲ, ಎರಡು ಸಲ. ಆಮೇಲೆ ಮೇಣ ಸವರಿದ ಬಿಳಿ ನೂಲನ್ನು ತಂತಿಗೆ ಸುತ್ತಿ ಗಂಟು ಹಾಕುತ್ತಿದ್ದ. ವಿದ್ಯುತ್ ಬರುವ ತಂತಿಗೆ ಒಂದು ಗಂಟು, ಮರಳುವ ತಂತಿಗೆ ಎರಡು, ನೆಲದ ತಂತಿಗೆ ಮೂರು. ಮುಂದಿನ ಸಲ ತಂತಿಗಳು ಕೂಡುವ ಆ ಜಂಕ್ಷನ್ ಡಬ್ಬಿ ತೆರೆದಾಗ ಬೆರಳಿನಿಂದ ಸವರಿದರೆ ಸಾಕು. ನೂಲು ಅತ್ತೆಯ ಹೊಲಿಗೆ ಪೆಟ್ಟಿಗೆಯದು. ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದ ಎಲ್ಲ ಕಡೆ ಅವನು ಗಂಟಣ್ಣ.

ಕೆಲಸಕ್ಕೆ ಸೇರುವಾಗ ಅವನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಆಗಿನ ಮ್ಯಾನೇಜರು ಕೆಟ್ಟುಹೋದ ನೀರಿನ ಪಂಪು ತೋರಿಸಿ "ಇದನ್ನ ಓಡಿಸು, ಕೆಲಸ ನಿಂದು" ಅಂದರು, ಓಡಿಸಿದ. ಕಣ್ಣಿನ ವಿಷಯ ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಹೇಳೋಣ ಅನ್ನಿಸಿದಾಗೆಲ್ಲ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಗೆಳೆಯನ ನೆನಪಾಗುತ್ತಿತ್ತು. ಆತ ಕಿವಿ ಮಂದವಾಗಿದೆ ಅಂತ ತಾನಾಗಿ ಹೋಗಿ ಹೇಳಿಕೊಂಡಿದ್ದ. ಮರುವಾರವೇ ಅವನನ್ನು ಸ್ಟೋರಿಗೆ ಹಾಕಿದರು, ಬೆಡ್‌ಶೀಟ್ ಎಣಿಸಲು. ಇಡೀ ದಿನ ಬಾಯ್ಲರಿನ ಜೊತೆ ಮಾತಾಡುತ್ತಿದ್ದ ಮನುಷ್ಯ ಆಮೇಲೆ ಯಾರ ಜೊತೆಗೂ ಮಾತಾಡಲಿಲ್ಲ. "ಸ್ಕ್ರೂಡ್ರೈವರ್ ಕಿತ್ಕೊಂಡ್ರೆ ನನ್ನ ಕೈಯೇ ಕಿತ್ಕೊಂಡ ಹಾಗೆ," ಅನ್ನುತ್ತಿದ್ದ ಮಾವ.

ಅದಕ್ಕೇ ನಮ್ಮ ಆಸ್ಪತ್ರೆಯ ಕ್ರಿಸ್‌ಮಸ್ ಅಲಂಕಾರ ಇಪ್ಪತ್ತಾರು ವರ್ಷವೂ ಒಂದೇ ಬಣ್ಣದಲ್ಲಿ ಇತ್ತು. "ನಮ್ಮ ಆಸ್ಪತ್ರೆ" ಅನ್ನಲು ನನಗೂ ಹಕ್ಕಿದೆ. ಓದು ಮುಗಿದ ಮೇಲೆ ನಾನೂ ಅಲ್ಲಿಯ ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದೆ. ಅಂಗಳದ ಮರಕ್ಕೆ, ಗೇಟಿಗೆ, ಹೆಬ್ಬಾಗಿಲ ಕಮಾನಿಗೆ ಹನ್ನೊಂದು ಹಳದಿ ಸೀರಿಯಲ್ ಸೆಟ್ಟು. ಮಿನುಗುವುದಿಲ್ಲ, ಓಡುವುದಿಲ್ಲ, ಸುಮ್ಮನೆ ಉರಿಯುತ್ತವೆ. ಐವತ್ತು ಬಲ್ಬಿನ ಸರದಲ್ಲಿ ಒಂದು ಸತ್ತರೆ ಉಳಿದ ನಲವತ್ತೊಂಬತ್ತೂ ಆರುತ್ತವೆ. ಬೇರೆಯವರಾದರೆ ಒಂದೊಂದೇ ಬಲ್ಬು ತೆಗೆದು ನೋಡುತ್ತಾರೆ. ಮಾವ ಸರದ ಮಧ್ಯಕ್ಕೆ ಟೆಸ್ಟರ್ ಇಡುತ್ತಾನೆ. ಅಲ್ಲಿಯವರೆಗೆ ವಿದ್ಯುತ್ ಬಂದಿದ್ದರೆ ದೋಷ ಆಚೆಯ ಅರ್ಧದಲ್ಲಿ, ಇಲ್ಲದಿದ್ದರೆ ಈಚೆಯದರಲ್ಲಿ. ಆ ಅರ್ಧದ ಮಧ್ಯಕ್ಕೆ ಮತ್ತೆ ಟೆಸ್ಟರ್. ಹೆಚ್ಚೆಂದರೆ ಆರನೆಯ ಸಲಕ್ಕೆ ಕೆಟ್ಟ ಬಲ್ಬು ಸಿಕ್ಕೇ ಸಿಗುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಕಲಿತಾಗ ಮನೆಗೆ ಬಂದು ಉತ್ಸಾಹದಿಂದ ಹೇಳಿದ್ದೆ. "ಇದಕ್ಕೂ ಫೀಸು ತಗೋತಾರಾ?" ಅಂತ ಕೇಳಿದ್ದ.

ಹೋದ ವರ್ಷ ನವೆಂಬರಿನಲ್ಲಿ ಮೇಟ್ರನ್ ಅವನನ್ನು ಕರೆಸಿದರು. ಆಸ್ಪತ್ರೆಯ ಎಲ್ಲ ನರ್ಸುಗಳ ಮೇಲಿನ ಹಿರಿಯರು. ಯಾರಿಗೂ ಹೆದರದ, ಎಲ್ಲರೂ ಹೆದರುವ ಹೆಂಗಸು. ರಕ್ತದ ವರದಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಮೇಜಿನ ಮೇಲೆ ಆರು ಹೊಳೆಯುವ ಡಬ್ಬಿಗಳಿದ್ದವು.

"ಗಂಟಣ್ಣ, ಈ ವರ್ಷ ನಿಮ್ಮ ಹಳದಿಗೆ ರಜೆ."

"ಯಾಕೆ ಮೇಡಂ, ಏನು ತಪ್ಪು ಮಾಡಿತು?"

"ತಪ್ಪೇನಿಲ್ಲ, ವಯಸ್ಸಾಯ್ತು. ಇದು ನೋಡಿ, ಬಣ್ಣ ಬದಲಾಯಿಸೋ ಲೈಟು. ಮಗು ಹುಷಾರಾಗಿದ್ದಕ್ಕೆ ಒಬ್ಬ ಅಪ್ಪ ತಂದುಕೊಟ್ಟರು. ರಿಮೋಟ್ ಒತ್ತಿದರೆ ಕೆಂಪು, ಹಸಿರು, ನೀಲಿ, ಏನು ಬೇಕಾದ್ರೂ. ಮಕ್ಕಳ ಹತ್ತಿರ ಕೈ ಎತ್ತಿಸಿದೆ. ಬಣ್ಣಕ್ಕೆ ಮೂವತ್ತೊಂದು, ನಿಮ್ಮ ಹಳದಿಗೆ ಆರು."

"ಆ ಆರು ಮಕ್ಕಳು ಯಾವ ವಾರ್ಡು? ಒಂದೊಂದು ಪೆಪ್ಪರಮಿಂಟ್ ಕೊಟ್ಟು ಬರ್ತೀನಿ."

"ಅದರಲ್ಲಿ ಒಬ್ಬಳು ಎರಡೂ ಕೈ ಎತ್ತಿದ್ದಳು. ಲೆಕ್ಕಕ್ಕೆ ಐದೇ."

ಮಾವ ತನ್ನ ವಾದ ಶುರುಮಾಡಿದ. ಇವು ಕೆಟ್ಟರೆ ರಿಪೇರಿ ಇಲ್ಲ, ಎಸೆಯಬೇಕು. ಕೆಟ್ಟಾಗ ನೋಡೋಣ ಅಂದರು ಮೇಟ್ರನ್. ಮಕ್ಕಳ ನಿದ್ದೆ ಕೆಡುತ್ತದೆ. ಎಂಟಕ್ಕೆ ಆರಿಸೋಣ. ರಿಮೋಟ್ ಕಳೆದುಹೋಗುತ್ತದೆ. ಅದು ನನ್ನ ಜೇಬಿನಲ್ಲಿರುತ್ತದೆ ಅಂದರು ಅವರು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವನು ಹೇಳದೆ ಬಿಟ್ಟ ಕಾರಣ ಬೇರೆಯೇ ಇತ್ತಲ್ಲ, ಹಾಗಾಗಿ ಒಂದೊಂದು ಮಾತೂ ಸಬೂಬಿನ ಹಾಗೆ ಕೇಳುತ್ತಿತ್ತು. ಕೊನೆಗೆ ಮೇಟ್ರನ್ ಪೆನ್ನು ಕೆಳಗಿಟ್ಟು ಕೇಳಿದರು:

"ನಿಜ ಹೇಳಿ. ಇದನ್ನ ಜೋಡಿಸೋಕೆ ನಿಮಗೆ ಬರಲ್ವಾ?"

"ಬರಲ್ಲ ಅಂತ ಯಾರಂದ್ರು?" ಅಂದುಬಿಟ್ಟ ಮಾವ. ಅಂದ ಮೇಲೆ ಆರೂ ಡಬ್ಬಿಗಳನ್ನು ಎದೆಗೆ ಅವಚಿಕೊಂಡು ಹೊರಬಂದ. ಕಾರಿಡಾರಿನ ತಿರುವಿನಲ್ಲಿ ನನ್ನ ಕಡೆ ನೋಡಿ ಪಿಸುಗುಟ್ಟಿದ: "ಪುಟ್ಟಿ, ಸಿಕ್ಕಿಹಾಕ್ಕೊಂಡೆ."

ತೊಡಕು ಏನೆಂದು ಹೇಳುತ್ತೇನೆ. ಒಂದೊಂದು ಡಬ್ಬಿಯಲ್ಲೂ ಸುರುಳಿ ಸುತ್ತಿದ ದೀಪದ ಪಟ್ಟಿ. ಪಟ್ಟಿಯ ತುದಿಯಲ್ಲಿ ನಾಲ್ಕು ಸಣ್ಣ ತಂತಿಗಳು: ಕಪ್ಪು, ಕೆಂಪು, ಹಸಿರು, ನೀಲಿ. ಹೆಬ್ಬಾಗಿಲ ಎಡಕ್ಕೆ ಮೂರು ಕಿಟಕಿ, ಬಲಕ್ಕೆ ಮೂರು, ಕಿಟಕಿಗೊಂದು ಪಟ್ಟಿ. ಎಲ್ಲವನ್ನೂ ರಿಮೋಟಿನ ಮಾತು ಕೇಳುವ ಒಂದೇ ಕಂಟ್ರೋಲರಿಗೆ ಸೇರಿಸಬೇಕು. ಕಪ್ಪು, ನೀಲಿ ಮಾವನಿಗೆ ಕಾಣುತ್ತವೆ. ಕೆಂಪು ಯಾವುದು, ಹಸಿರು ಯಾವುದು ಅಂತ ಅವನ ಟೆಸ್ಟರ್ ಹೇಳುವುದಿಲ್ಲ; ಟೆಸ್ಟರಿಗೆ ಎರಡೂ ಒಂದೇ. ಇಪ್ಪತ್ತಾರು ವರ್ಷ ಕಾಪಾಡಿದ ಉಪಾಯ ಮೊದಲ ಸಲ ಕೈಕೊಟ್ಟಿತ್ತು.

"ಗಂಟು ನಾನು ಹಾಕಿಕೊಡ್ತೀನಿ ಬಿಡು," ಅಂದೆ ನಾನು. ಅಷ್ಟು ಸುಲಭ ಅನ್ನಿಸಿತ್ತು.

ಭಾನುವಾರ ಮಧ್ಯಾಹ್ನ ಡಬ್ಬಿಗಳು ಬಟ್ಟೆಚೀಲದಲ್ಲಿ ಮಾವನ ಮನೆಗೆ ಬಂದವು. ಅತ್ತೆ ಹೊಲಿಗೆ ಮೆಷಿನ್ನಿನ ಮೇಜು ಖಾಲಿ ಮಾಡಿಕೊಟ್ಟಳು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ನೀಲಿಗೆ ಮೂರು, ಕಪ್ಪಿಗೆ ಇಲ್ಲ. ಮೊದಲ ಮೂರು ಪಟ್ಟಿಗಳನ್ನು ಕಣ್ಣಿಟ್ಟು ನೋಡಿ ಮಾಡಿದೆ. ಕಪ್ಪಿನ ಪಕ್ಕ ಕೆಂಪು, ಅದರ ಪಕ್ಕ ಹಸಿರು, ಕೊನೆಗೆ ನೀಲಿ. ಅಷ್ಟರಲ್ಲಿ ಅತ್ತೆ ಟೀ ತಂದು ಎದುರು ಕೂತಳು.

"ನಿನ್ನ ಮಾವ ನನ್ನನ್ನ ನೋಡೋಕೆ ಬಂದಾಗ ಏನಂದ ಗೊತ್ತಾ? ಹಸಿರು ಬಣ್ಣ ನಿನಗೆ ಒಪ್ಪುತ್ತೆ ಅಂದ. ನಾನು ಉಟ್ಟಿದ್ದು ಅಚ್ಚ ಕೆಂಪು ಸೀರೆ. ಬೇರೆ ಯಾವಳನ್ನೋ ನೆನೆಸ್ಕೊಂಡು ಮಾತಾಡ್ತಿದಾನೆ ಅಂತ ಒಂದು ತಿಂಗಳು ಒಪ್ಪಿಗೆ ಕೊಡಲಿಲ್ಲ ನಾನು."

"ಒಪ್ಪುತ್ತೆ ಅಂದಿದ್ದು ನಿಜ ತಾನೇ?" ಅಂದ ಮಾವ ಬಾಗಿಲಿನಿಂದ. "ಬಣ್ಣ ತಪ್ಪಿರಬಹುದು, ಮಾತು ತಪ್ಪಲಿಲ್ಲ."

"ಬಾಯಿ ಮಾತ್ರ ಚೆನ್ನಾಗಿದೆ ರೀ ನಿಮಗೆ, ಕಣ್ಣಿಗಿಂತ."

ನಗುತ್ತ ಉಳಿದ ಮೂರು ಪಟ್ಟಿಗಳಿಗೂ ಗಂಟು ಹಾಕಿದೆ. ಕಪ್ಪಿನ ಪಕ್ಕದ್ದಕ್ಕೆ ಒಂದು, ಅದರ ಪಕ್ಕದ್ದಕ್ಕೆ ಎರಡು, ಕೊನೆಯದಕ್ಕೆ ಮೂರು. ಕೈಗೆ ಅಭ್ಯಾಸವಾಗಿತ್ತು, ಕಣ್ಣು ಅತ್ತೆಯ ಕಡೆಗಿತ್ತು.

"ಸರಿಯಾಗಿ ನೋಡಿದ್ಯಾ?" ಮಾವ ಕೇಳಿದ.

"ನೋಡಿದೆ."

"ಇನ್ನೊಂದ್ಸಲ ನೋಡು."

"ಮಾವ, ಇರೋದೇ ನಾಲ್ಕು ವೈರು! ಎಷ್ಟು ಸಲ ನೋಡೋದು?"

ಯಾವ ತಂತಿಯನ್ನೂ ಎರಡು ಸಲ ನೋಡದೆ ಬಿಡದ ಮನುಷ್ಯ, ನನ್ನನ್ನು ನಂಬಿ ಒಂದು ಸಲಕ್ಕೇ ಬಿಟ್ಟ.

ಗುರುವಾರ ಸಂಜೆ ಪರೀಕ್ಷೆ. ಅಂಗಳದಲ್ಲಿ ಮೇಟ್ರನ್, ಐದಾರು ನರ್ಸುಗಳು, ಆಸ್ಪತ್ರೆಯ ಇಂಜಿನಿಯರು. ಇಂಜಿನಿಯರು ನಾಲ್ಕು ವರ್ಷದ ಹಿಂದೆ ಬಂದವರು, ಮಾವನಿಗಿಂತ ಚಿಕ್ಕವರು, ಮಾತು ಕಡಿಮೆ. ಮಾವನ ಮೇಲಧಿಕಾರಿ ಅವರೇ. ಮೇಲಿನ ಮಹಡಿಯ ಗಾಜಿಗೆ ಮಕ್ಕಳ ಮೂಗುಗಳು ಅಂಟಿಕೊಂಡಿದ್ದವು. ನಾನು ಲ್ಯಾಬಿನಿಂದ ಕೈಗವಸನ್ನೂ ಕಳಚದೆ ಓಡಿಬಂದಿದ್ದೆ. ಮಾವ ಕಂಟ್ರೋಲರಿನ ಪಕ್ಕ ನೆಟ್ಟಗೆ ನಿಂತಿದ್ದ.

ಮೇಟ್ರನ್ ರಿಮೋಟಿನ ನೀಲಿ ಗುಂಡಿ ಒತ್ತಿದರು. ಆರೂ ಕಿಟಕಿಗಳು ನೀಲಿ. ಮೇಲಿನಿಂದ ಕೂಗಾಟ. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಆಮೇಲೆ ಹಸಿರು ಒತ್ತಿದರು. ಎಡಗಡೆಯ ಮೂರು ಕಿಟಕಿ ಹಸಿರಾದವು, ಬಲಗಡೆಯ ಮೂರು ಕೆಂಪಾದವು.

ತಪ್ಪು ಎಲ್ಲಿ ಅಂತ ನನಗೆ ಥಟ್ಟನೆ ಹೊಳೆಯಿತು. ಕೊನೆಯ ಮೂರು ಪಟ್ಟಿಗಳಲ್ಲಿ ತಂತಿಗಳ ಕ್ರಮವೇ ಬೇರೆ ಇತ್ತು. ಕಪ್ಪಿನ ಪಕ್ಕ ಹಸಿರು, ಆಮೇಲೆ ಕೆಂಪು. ನಾನು ನೋಡಿರಲಿಲ್ಲ. ಯಾರಾದರೂ ಏನಾದರೂ ಹೇಳುವ ಮೊದಲೇ ಮಾವ ಬಲಗಡೆಯ ಕಿಟಕಿಗಳನ್ನು ನೋಡಿ, ತನ್ನ ಎಂದಿನ ಗತ್ತಿನಲ್ಲಿ ಹೇಳಿದ:

"ಬಲಗಡೆ ವೋಲ್ಟೇಜ್ ಬೀಳ್ತಾ ಇದೆ ಸರ್. ಅದಕ್ಕೇ ಆ ಮೂರು ಸ್ವಲ್ಪ ಮಂಕು. ದಪ್ಪ ವೈರು ಎಳೆದರೆ ಸರಿಹೋಗುತ್ತೆ."

ಮೇಟ್ರನ್ ಕಿಟಕಿ ನೋಡಿದರು, ಅವನನ್ನು ನೋಡಿದರು.

"ಮಂಕಲ್ಲ ಗಂಟಣ್ಣ," ಅಂದರು ಮೆಲ್ಲಗೆ. "ಅದು ಕೆಂಪು."

ಮಾವನ ಮುಖ ಹೇಗಾಯಿತು ಅಂತ ಬರೆಯುವುದಿಲ್ಲ. ನಾನು ಮುಂದೆ ಹೋಗಿ "ತಪ್ಪು ನಂದು, ಗಂಟು ಹಾಕಿದ್ದು ನಾನು" ಅಂದೆ. ಅವನನ್ನು ಉಳಿಸಲು ಅಂದ ಮಾತು; ಆದರೆ ಅದರಿಂದಲೇ ಉಳಿದದ್ದೆಲ್ಲ ಹೊರಬಿತ್ತು. ಗಂಟು ನೀನು ಯಾಕೆ ಹಾಕಿದೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರಲ್ಲ. ಇಂಜಿನಿಯರು ಅದನ್ನೂ ಕೇಳಲಿಲ್ಲ. "ಗಂಟಣ್ಣ, ಶನಿವಾರ ಬೆಳಿಗ್ಗೆ ಹತ್ತಕ್ಕೆ ನನ್ನ ರೂಮಿಗೆ ಬನ್ನಿ. ನೀವೂ ಬನ್ನಮ್ಮ," ಅಂದು ಒಳಗೆ ಹೋದರು.

ಶುಕ್ರವಾರ ಇಡೀ ದಿನ ಮಾವ ತನ್ನ ಉಪಕರಣಗಳನ್ನು ಒರೆಸಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿದ, ಬೇರೆಯವರಿಗೆ ಒಪ್ಪಿಸುವವನ ಹಾಗೆ. "ಸೋಮವಾರದಿಂದ ಬೆಡ್‌ಶೀಟ್ ಎಣಿಸೋದು," ಅಂದನಂತೆ ಮನೆಯಲ್ಲಿ. "ಬಿಳಿ ಬೆಡ್‌ಶೀಟೇ ಕೊಡಿ ಅಂತ ಕೇಳ್ಕೊಳ್ಳಿ," ಅಂದಳಂತೆ ಅತ್ತೆ. ಹಾಗಂದು ಒಳಗೆ ಹೋಗಿ ಅತ್ತದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು.

ಶನಿವಾರ ಹತ್ತಕ್ಕೆ ಹೋದೆವು. ಮೇಟ್ರನ್ ಆಗಲೇ ಅಲ್ಲಿ ಕೂತಿದ್ದರು. ಇಂಜಿನಿಯರು ಕೂರಲು ಹೇಳಿದರು, ಮಾವ ಕೂರಲಿಲ್ಲ.

"ಸರ್, ನನಗೆ ಕೆಂಪು ಹಸಿರು ಗೊತ್ತಾಗಲ್ಲ. ಹುಟ್ಟಿದಾಗಿನಿಂದ. ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ." ಇಪ್ಪತ್ತಾರು ವರ್ಷ ನುಂಗಿಕೊಂಡಿದ್ದ ಮಾತು ಮುಗಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಗೊತ್ತಾಯ್ತು," ಅಂದರು ಇಂಜಿನಿಯರು. "ನಿನ್ನೆ ಇಡೀ ದಿನ ನಾನೊಬ್ಬನೇ ಹೋಗಿ ನಲವತ್ತು ಜಂಕ್ಷನ್ ಡಬ್ಬಿ ತೆರೆದು ನೋಡಿದೆ. ವಾರ್ಡು, ಆಪರೇಷನ್ ಥಿಯೇಟರು, ಅಡುಗೆಮನೆ, ಲಿಫ್ಟು. ಎಲ್ಲೆಲ್ಲಿ ನೂಲು ಇತ್ತೋ ಅಲ್ಲೆಲ್ಲ ತಂತಿ ಸರಿ ಇತ್ತು. ಎರಡು ಡಬ್ಬಿಯಲ್ಲಿ ತಪ್ಪಿತ್ತು."

ಮಾವನ ಕೈ ಕುರ್ಚಿಯ ಬೆನ್ನು ಹಿಡಿಯಿತು.

"ಆ ಎರಡರಲ್ಲಿ ನೂಲಿರಲಿಲ್ಲ. ಹೊರಗಿನ ಕಂಪನಿಯವರು ಬಂದು ಮಾಡಿದ್ದು. ಅವರಿಗೆ ಕಣ್ಣು ಚೆನ್ನಾಗಿತ್ತು ಅನ್ಸುತ್ತೆ."

ನಾನು ನೆಲ ನೋಡಿದೆ. ಕಣ್ಣು ಚೆನ್ನಾಗಿರುವವರ ಪಟ್ಟಿಯಲ್ಲಿ ನಾನೂ ಇದ್ದೆನಲ್ಲ.

"ಇನ್ನೊಂದು ವಿಷಯ," ಅಂದರು ಅವರು. "ಹಿಂದಿನ ವರ್ಷ ನೆಲಮಾಳಿಗೆಗೆ ನೀರು ನುಗ್ಗಿದಾಗ ನೀವು ರಜೆಯಲ್ಲಿದ್ರಿ. ಮೇನ್ ಆಫ್ ಮಾಡಿದ ಮೇಲೆ ನನ್ನ ಟಾರ್ಚೂ ಕೆಟ್ಟಿತು. ಜನರೇಟರಿನ ತಂತಿ ಹುಡುಕಿದ್ದು ನಿಮ್ಮ ಗಂಟು ಮುಟ್ಟಿ ಮುಟ್ಟಿ. ಅಲ್ಲಿಯವರೆಗೆ ಅದು ನಿಮ್ಮ ಏನೋ ಒಂದು ನಂಬಿಕೆ ಅಂತ ಸುಮ್ಮನಿದ್ದೆ. ಕತ್ತಲಲ್ಲಿ ನನಗೂ ಬಣ್ಣ ಕಾಣಲ್ಲ ಕಣ್ರೀ."

ಮಾವ ಆಗ ಕೂತ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೆಸಿಕೊಂಡು ಬರಬೇಕು ಅಂದರು ಇಂಜಿನಿಯರು. ಬೆಂಕಿ ಸೂಚಿಸುವ ಫಲಕದಲ್ಲಿ ಕೆಂಪು ಹಸಿರು ದೀಪಗಳಿವೆ. ಅದನ್ನು ಇನ್ನು ಮುಂದೆ ಎರಡನೆಯವರು ಒಬ್ಬರು ಜೊತೆಗಿದ್ದು ಓದಬೇಕು. ಉಳಿದ ಕೆಲಸ ಈಗ ಇದ್ದ ಹಾಗೇ. "ಮತ್ತೆ ಆ ಎರಡು ಡಬ್ಬಿಗೆ ನೂಲು ಕಟ್ಟಿ," ಅಂದರು.

"ಸ್ಟೋರಿಗೆ ಹಾಕಲ್ವಾ ಸರ್?"

"ಸ್ಟೋರಿಗೆ ಯಾಕೆ? ಅಲ್ಲಿ ಬಲ್ಬು ಹೋಗಿದೆಯಾ?"

ಮೇಟ್ರನ್ ಈಗ ಚೀಲದಿಂದ ರಿಮೋಟ್ ತೆಗೆದು ಮೇಜಿನ ಮೇಲಿಟ್ಟರು. "ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಗುರುವಾರ ಎಂಟರವರೆಗೆ ಲೈಟು ಹಾಕಿಟ್ಟಿದ್ವಲ್ಲ, ಹಸುಗೂಸುಗಳ ವಾರ್ಡಿನ ಸಿಸ್ಟರು ಓಡಿ ಬಂದಳು. ಮಗು ನೀಲಿಗಟ್ಟುತ್ತಾ ಇದೆ ಮೇಡಂ ಅಂದಳು. ಹೋಗಿ ನೋಡಿದರೆ ನೀಲಿಗಟ್ಟಿದ್ದು ಮಗು ಅಲ್ಲ, ಕಿಟಕಿ. ಆದರೆ ನಾಳೆ ನಿಜವಾಗಿ ಮಗು ನೀಲಿಗಟ್ಟಿದಾಗ ಲೈಟು ಅಂದುಕೊಂಡರೆ?"

ಇದು ನನಗೆ ಹೊಳೆಯಬೇಕಿತ್ತು. ತುಟಿ ನೀಲಿಯಾಯಿತೇ, ಚರ್ಮ ಬಿಳಿಚಿತೇ, ಕಣ್ಣು ಹಳದಿಯಾಯಿತೇ ಎಂದು ನೋಡುವುದೇ ಆ ವಾರ್ಡಿನ ಅರ್ಧ ಕೆಲಸ. ಅಲ್ಲಿನ ಕಿಟಕಿಗೆ ಯಾವ ಬಣ್ಣದ ಬೆಳಕೂ ಬೀಳಬಾರದು. ಹಾಗೆ ನೋಡಿದರೆ ಹಳದಿಯೂ ಬೀಳಬಾರದು. ಮಾವನ ಸರಗಳಿಂದ ಯಾವತ್ತೂ ತೊಂದರೆ ಆಗದೆ ಇದ್ದದ್ದು ಅವು ಕಿಟಕಿಯಿಂದ ದೂರ, ಮರದಲ್ಲಿ, ಗೇಟಿನಲ್ಲಿ, ಕಮಾನಿನಲ್ಲಿ ಇದ್ದದ್ದರಿಂದ.

"ಹಾಗಾದ್ರೆ ಬಣ್ಣ ಬೇಡ್ವಾ ಮೇಡಂ?" ಮಾವನ ದನಿಯಲ್ಲಿ ಗೆಲುವು ಇರಲಿಲ್ಲ. ಅವನಿಗೆ ಆ ಹೊತ್ತಿಗೆ ಯಾವ ಬಣ್ಣವಾದರೂ ಆಗುತ್ತಿತ್ತು.

"ಮೂವತ್ತೊಂದು ಕೈ ಎತ್ತಿದ್ದಾರೆ ಗಂಟಣ್ಣ, ಬೇಡ ಅಂದ್ರೆ ನನ್ನನ್ನ ಉಳಿಸ್ತಾರಾ? ಹೊರಗೆ ನಿಮ್ಮ ಹಳದಿ. ಬಣ್ಣದ್ದು ಆಟದ ಕೋಣೆಯೊಳಗೆ. ಅಲ್ಲಿ ಕಾಯಿಲೆ ಮಕ್ಕಳನ್ನ ಪರೀಕ್ಷೆ ಮಾಡೋರು ಯಾರೂ ಇಲ್ಲ."

ಆ ಭಾನುವಾರ ಮಾವ ಎಂಟೂವರೆಯವರೆಗೆ ಮಲಗಿದ್ದ. ಐದಕ್ಕೆ ಏಳುವ ಮನುಷ್ಯ ಏಳದ್ದು ನೋಡಿ ಅತ್ತೆ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳಂತೆ. ಎದ್ದವನು ಹೊಟ್ಟೆ ತುಂಬ ತಿಂದು, ಹೊಸ ನೂಲಿನ ಉಂಡೆ ಕೊಡು ಅಂತ ಕೇಳಿದನಂತೆ.

ಆಟದ ಕೋಣೆಯ ಪಟ್ಟಿಗಳನ್ನು ನಾವಿಬ್ಬರೂ ಸೇರಿ ಬಿಚ್ಚಿ ಜೋಡಿಸಿದೆವು. ನಾನು ಈ ಸಲ ಪ್ರತಿ ತಂತಿಯನ್ನೂ ಎರಡು ಸಲ ನೋಡಿದೆ. ಅವನು ನನ್ನ ಪಕ್ಕ ಕೂತು "ಇನ್ನೊಂದ್ಸಲ" ಅನ್ನುತ್ತಿದ್ದ, ನಾನು ತುಟಿಪಿಟಿಕ್ಕೆನ್ನಲಿಲ್ಲ. ಕೆಲಸ ಮಾಡುವಾಗಲೇ ನಮಗೆ ಹೊಳೆದದ್ದು: ಅವನ ಕಣ್ಣಿಗೆ ಕೆಂಪು ಬೆಳಕು ಮಂಕಾಗಿ ಕಾಣುತ್ತದೆ. ಆ ಗುರುವಾರ ಅವನು ವೋಲ್ಟೇಜ್ ಅಂದುಕೊಂಡದ್ದು ಅದನ್ನೇ. ಒಂದೊಂದೇ ತಂತಿಗೆ ವಿದ್ಯುತ್ ಕೊಟ್ಟು, ಮಂಕಾಗಿ ಉರಿಸುವುದು ಯಾವುದೋ ಅದೇ ಕೆಂಪು ಅಂತ ಅವನು ತಾನೇ ಕಂಡುಹಿಡಿಯಬಹುದಿತ್ತು. ನನ್ನ ಗಂಟು ಬೇಕಾಗಿಯೇ ಇರಲಿಲ್ಲ. ಪದವಿ ತೆಗೆದುಕೊಂಡ ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಹೆದರಿಕೆಯಲ್ಲಿ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಕೆಲಸ ಮುಗಿಸಿ ಆಟದ ಕೋಣೆಗೆ ಹೋದೆ. ಹೊರಗೆ ಮರದಲ್ಲಿ ಹಳದಿ ಸರಗಳು ಎಂದಿನ ಹಾಗೆ ಉರಿಯುತ್ತಿದ್ದವು. ಒಳಗೆ ಹತ್ತು ಹನ್ನೆರಡು ಮಕ್ಕಳು ನೆಲದ ಮೇಲೆ, ನಡುವೆ ಮಾವ. ಕಾಲಿಗೆ ಬ್ಯಾಂಡೇಜ್ ಹಾಕಿಸಿಕೊಂಡಿದ್ದ ಹುಡುಗಿಯೊಬ್ಬಳ ಕೈಯಲ್ಲಿ ರಿಮೋಟಿತ್ತು. ಅವಳು ಒತ್ತಿದಳು. ಗೋಡೆಯೆಲ್ಲ ಬಣ್ಣ ಬದಲಾಯಿತು.

"ಇದು ಯಾವ ಬಣ್ಣಮ್ಮ?" ಮಾವ ಜೋರಾಗಿ ಕೇಳಿದ. ಕನ್ನಡಕ ಮರೆತ ನೆಪವಿಲ್ಲ, ಪಿಸುಮಾತಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಮನುಷ್ಯ ತುಂಬಿದ ಕೋಣೆಯಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಹುಡುಗಿ ಉಳಿದವರಿಗೆ ಕಣ್ಣು ಮಿಟುಕಿಸಿದಳು. "ಹಸಿರು, ಗಂಟಣ್ಣ!"

ಎಲ್ಲ ಮಕ್ಕಳೂ "ಹಸಿರು, ಹಸಿರು" ಅಂತ ಕೂಗಿದರು. ಮಾವ ಗೋಡೆ ನೋಡಿದ. ಕಣ್ಣು ಕಿರಿದು ಮಾಡಿದ. ಬೆರಳೆತ್ತಿದ.

"ಕಳ್ಳರಾ! ಮಂಕಾಗಿದೆ. ಇದು ಕೆಂಪು."

ಸೂರು ಹಾರಿಹೋಗುವ ಹಾಗೆ ನಕ್ಕರು ಮಕ್ಕಳು. "ಇನ್ನೊಂದ್ಸಲ," ಅಂದ ಮಾವ, ಕಾಲು ಚಾಚಿ ಗೋಡೆಗೆ ಒರಗಿಕೊಂಡು.